ವೆಬ್‌ಸೈಟಿನಲ್ಲಿ ಕಾಣದ ವಿದ್ಯಾರ್ಥಿಗಳು

ಎಂ.ಬಿ.ಬಿ.ಎಸ್. ಮುಗಿಸಿ ಹಿರಿಯೂರಿನಲ್ಲಿ ಕೆಲಸಕ್ಕಿದ್ದಾಗ ಅರಿವಳಿಕೆ ವಿಷಯದಲ್ಲಿ ಮುಂದೆ ಓದುವ ಆಸೆ ನನಗೆ ಬಲವಾಗಿತ್ತು. ಸೈಬರ್ ಸೆಂಟರುಗಳು ಆಗಷ್ಟೇ ಬಂದಿದ್ದ ಕಾಲ. ಒಂದು ಭಾನುವಾರ ಅಪ್ಪನ ಜೊತೆ ಚಿತ್ರದುರ್ಗಕ್ಕೆ ಹೋಗಿ ದೂರದ ಕಾಲೇಜೊಂದರ ವೆಬ್‌ಸೈಟ್ ತೆರೆದೆ. ತುರುವನೂರಿನಲ್ಲಿ ಕುರಿ ಸಾಕಿ ನನ್ನನ್ನು ಓದಿಸಿದ ಅಪ್ಪ, ಫೋಟೋಗಳು ಪರದೆಯ ಮೇಲೆ ನಿಧಾನವಾಗಿ ಮೂಡುವುದನ್ನೇ ನೋಡುತ್ತಿದ್ದರು. ಕಟ್ಟಡ ಬಂತು, ಹೂದೋಟ ಬಂತು, ಅಧ್ಯಕ್ಷರ ಸಂದೇಶವೂ ಬಂತು.

“ಕಟ್ಟಡ ಏನೋ ಚೆನ್ನಾಗೈತೆ. ಅಲ್ಲಿ ಓದೋರು ಒಬ್ರೂ ಕಾಣ್ತಿಲ್ವಲ್ಲವ್ವಾ?” ಎಂದರು.

ಎಲ್ಲ ಪುಟಗಳನ್ನೂ ಹುಡುಕಿದೆ. ವಿದ್ಯಾರ್ಥಿಗಳು ಆಪರೇಷನ್‌ಗಳಲ್ಲಿ ಸ್ವತಃ ಅರಿವಳಿಕೆ ಕೊಡುತ್ತಾರೆಯೇ, ಪಕ್ಕದಲ್ಲಿ ನಿಂತು ಕಲಿಸುವವರು ಯಾರು ಎಂಬುದು ಎಲ್ಲೂ ಇರಲಿಲ್ಲ.

“ಕೇಳಿದ್ರೆ ಬೈತಾರೇನು? ಬರ್ದು ಕೇಳು” ಎಂದರು ಅಪ್ಪ.

ಅಲ್ಲಿದ್ದ ಇ-ಮೇಲ್ ವಿಳಾಸಕ್ಕೆ ನಾಲ್ಕು ಸಾಲು ಬರೆದೆ. ಮುಂದಿನ ಭಾನುವಾರ ಹೋಗಿ ನೋಡಿದರೆ, ಅಲ್ಲೇ ಮೊದಲ ವರ್ಷ ಓದುತ್ತಿದ್ದ ಡಾಕ್ಟರೊಬ್ಬರು ಉದ್ದನೆಯ ಉತ್ತರ ಕಳಿಸಿದ್ದರು. ಕೆಲಸ ಬಹಳ, ಊಟಕ್ಕೂ ಪುರುಸೊತ್ತಿಲ್ಲ, ಆದರೆ ಆರಂಭದ ತಿಂಗಳುಗಳಲ್ಲಿ ಹಿರಿಯರೊಬ್ಬರು ಸದಾ ಜೊತೆಗೇ ನಿಲ್ಲುತ್ತಾರೆ ಎಂದಿತ್ತು. ಅಪ್ಪನಿಗೆ ಓದಿ ಹೇಳಿದೆ.

“ಇಲ್ಲಿಗೇ ಅರ್ಜಿ ಹಾಕವ್ವಾ” ಎಂದರು.

ಆ ವರ್ಷ ಸೀಟು ಸಿಗಲಿಲ್ಲ, ಮರುವರ್ಷ ಸಿಕ್ಕಿತು. ಸೇರಿದ ದಿನವೇ ಆ ಡಾಕ್ಟರನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿದೆ.