ಲಂಡನ್ ಉಳವಪ್ಪನ ಹದಿನೆಂಟು ಸೆಕೆಂಡು

ಫ್ರಾಂಕ್‌ಫರ್ಟಿನ ಕನ್ನಡಿಗರಲ್ಲಿ ಉಳವಪ್ಪನನ್ನು ಬರೀ ಉಳವಪ್ಪ ಎಂದು ಕರೆದವರೇ ಇಲ್ಲ. ಲಂಡನ್ ಉಳವಪ್ಪ. ಗದಗಿನ ಕಡೆಯ ಮನುಷ್ಯ, ನಲವತ್ತಮೂರು ವಯಸ್ಸು, ಲಂಡನ್ನಿನ ದಕ್ಷಿಣಕ್ಕೆ ಹನ್ನೊಂದು ವರ್ಷ ಎಲೆಕ್ಟ್ರಿಕ್ ರೈಲು ಓಡಿಸಿದವನು. ಹೆಂಡತಿ ಸಿದ್ದಕ್ಕನಿಗೆ ಇಲ್ಲಿನ ಏರ್‌ಪೋರ್ಟಿನಲ್ಲಿ ಕೆಲಸ ಸಿಕ್ಕಿತೆಂದು ಗಂಟುಮೂಟೆ ಕಟ್ಟಿಕೊಂಡು ಬಂದ. ಬಂದ ಮೇಲೆ ಗೊತ್ತಾಯಿತು, ಅಲ್ಲಿನ ಲೈಸೆನ್ಸು ಇಲ್ಲಿ ನಡೆಯುವುದಿಲ್ಲ. ಎರಡು ವರ್ಷ ಜರ್ಮನ್ ಕಲಿತ, ಇಪ್ಪತ್ತರ ಹುಡುಗರ ಜೊತೆ ಬೆಂಚಿನ ಮೇಲೆ ಕೂತ, ಬರೆಯುವ ಪರೀಕ್ಷೆ ಪಾಸಾಗಿ ಫ್ಯೂರರ್‌ಶೈನ್ ಎಂಬ ಇಲ್ಲಿನ ರೈಲು ಲೈಸೆನ್ಸಿನ ಕಾರ್ಡು ಜೇಬಿಗೆ ಹಾಕಿಕೊಂಡ. ಇನ್ನು ಗೂಡ್ಸ್ ಗಾಡಿ ಓಡಿಸಿ ತೋರಿಸುವ ಪರೀಕ್ಷೆ ಒಂದು ಬಾಕಿ. ಅದಾದರೆ ಎಂಜಿನ್ನು ಅವನದು. ಅದೊಂದೇ ಅವನಿಗೆ ಬೇಕಾಗಿದ್ದದ್ದು.

ರಾಜ್ಯೋತ್ಸವದ ಊಟದಲ್ಲಿ ಯಾರ ಪಕ್ಕ ಕೂತರೂ ಅವನದು ಒಂದೇ ಕಥೆ.

"ನೂರು ವರ್ಷದ ಹಿಂದ ಅಲ್ಲಿ ಎರಡು ಕಂಪನಿ ಇದ್ವು. ಒಂದು ಮ್ಯಾಲೆ ತಂತಿ ಕಟ್ಟಿತು. ಇನ್ನೊಂದು ಹಳಿ ಮಗ್ಗಲಾಗ ಕರೆಂಟಿನ ಮೂರನೇ ಹಳಿ ಹಾಕಿತು. ಮುಂದ ಎರಡೂ ಕೂಡಿದಾಗ ಯಾವುದು ಉಳೀತು? ನೆಲದ್ದು! ತಂತಿ ಎಲ್ಲಾ ಕಿತ್ತು ಒಗದ್ರು."

"ಅಲ್ಲಿ ಕಿತ್ತು ಬಿಸಾಕಿದ ತಂತಿ ಕೆಳಗೇ ಈಗ ಬಂದು ನಿಂತಿದೀರಲ್ಲ, ಲಂಡನ್ ಸಾಹೇಬ್ರೆ!" ಎಂದು ಎಲೆಯಾಚೆಯಿಂದ ಯತಿರಾಜ್ ಕೂಗಿದಾಗ ಇಡೀ ಪಂಕ್ತಿ ನಕ್ಕಿತ್ತು. ಪಾಯಸ ಬಡಿಸುತ್ತಿದ್ದ ಸ್ಮಿತಾ ಕೂಡ ನಕ್ಕಿದ್ದಳು.

ಈ ಯತಿರಾಜ್ ಮೈಸೂರಿನವನು, ಮೂವತ್ತೊಂದು ವಯಸ್ಸು. ಉಳವಪ್ಪನ ಹಣೆಬರಹ ನೋಡಿ, ಇಲ್ಲಿನ ರೈಲು ಕಂಪನಿ ಅವನಿಗೆ ಕೊಟ್ಟ ಟ್ರೇನರ್ ಇವನೇ. ತನಗಿಂತ ಹನ್ನೆರಡು ವರ್ಷ ಚಿಕ್ಕವನನ್ನು ಉಳವಪ್ಪ 'ಸರ' ಎನ್ನಬೇಕು. ಅವನು 'ಸಾಹೇಬ್ರೆ' ಎಂದು ಕಾಲೆಳೆದರೆ ನಗಲೂ ಬೇಕು.

ಲಂಡನ್ನಿನ ಒಂದು ಅಭ್ಯಾಸ ಮಾತ್ರ ಉಳವಪ್ಪನ ಮೈಯಿಂದ ಹೋಗಿರಲಿಲ್ಲ. ಇಂಗ್ಲೆಂಡಿನ ಆ ಮೂರನೇ ಹಳಿ ಉದ್ದಕ್ಕೂ ಇರುವುದಿಲ್ಲ. ರಸ್ತೆ ಅಡ್ಡ ಬರುವಲ್ಲಿ, ಹಳಿ ಕವಲೊಡೆಯುವಲ್ಲಿ ತುಂಡಾಗುತ್ತದೆ. ಅಂಥ ಗ್ಯಾಪಿನಲ್ಲಿ ಡ್ರೈವರು ಮೋಟಾರಿಗೆ ಕರೆಂಟು ಬಿಡುವುದನ್ನು ನಿಲ್ಲಿಸಿ ಸುಮ್ಮನೆ ಕೂತರಾಯಿತು. ಗಾಡಿ ಓಡಿ ಬಂದ ಜೋರಿನಲ್ಲೇ ಉರುಳಿಕೊಂಡು ದಾಟುತ್ತದೆ. ತಲೆಯ ಮೇಲಿನ ತಂತಿ ಅಷ್ಟು ಸಾಧುವಲ್ಲ. ಮುಂದೆ ಎಲ್ಲಾದರೂ ತಂತಿಯ ಕರೆಂಟು ತೆಗೆದು ಜನ ರಿಪೇರಿ ಮಾಡುತ್ತಿದ್ದರೆ ನೀಲಿ ಬೋರ್ಡು ನೆಟ್ಟಿರುತ್ತಾರೆ: ಪ್ಯಾಂಟೋಗ್ರಾಫ್ ಇಳಿಸು. ಎಂಜಿನ್ನಿನ ನೆತ್ತಿಯಿಂದ ಎದ್ದು ತಂತಿಗೆ ಒರಗಿರುವ ಆ ಕೈಯನ್ನು ಮಡಚದೆ ನುಗ್ಗಿದರೆ, ಅದೇ ಕೈ ಈ ಕಡೆಯ ಜೀವಂತ ತಂತಿಯನ್ನು ಆ ಕಡೆಯ ಸತ್ತ ತಂತಿಗೆ ಜೋಡಿಸಿಬಿಡುತ್ತದೆ. ರಿಪೇರಿಗೆಂದು ನೆಲಕ್ಕೆ ಕೂಡಿಸಿಟ್ಟ ಆ ತಂತಿಗೆ ಕರೆಂಟು ನುಗ್ಗಿದರೆ ಬೆಂಕಿಯೇ.

ಪರೀಕ್ಷೆಗೆ ನಾಲ್ಕು ದಿನವಿತ್ತು. ಮಧ್ಯಾಹ್ನದ ಹೊತ್ತು, ಹಿಂದೆ ಖಾಲಿ ವ್ಯಾಗನ್ನುಗಳು, ಕ್ಯಾಬಿನಲ್ಲಿ ಇಬ್ಬರೇ. ಬೆಳಗಿನಿಂದ ಯತಿರಾಜ್ ಬಾಯಿಗೆ ಬಿಡುವು ಕೊಟ್ಟಿರಲಿಲ್ಲ.

"ಏನ್ ಸಾಹೇಬ್ರೆ, ನೆಲ ನೋಡ್ಕೊಂಡು ಓಡಿಸ್ತಿದೀರಾ? ಚಿಲ್ಲರೆ ಬಿದ್ದೋಗಿದ್ಯಾ? ತಲೆ ಎತ್ತಿ ಸ್ವಲ್ಪ!"

ದೂರದಲ್ಲಿ ನೀಲಿ ಬೋರ್ಡು ಕಂಡಿತು. ಯತಿರಾಜ್ ಮೆಲ್ಲಗೆ ಫೋನ್ ತೆಗೆದ. ಮುದುಕ ಮರೆಯುವುದನ್ನು ಹಿಡಿದು, ಕೊನೆಯ ಕ್ಷಣದಲ್ಲಿ ಪ್ಯಾಂಟೋಗ್ರಾಫ್ ಇಳಿಸುವ ಸ್ವಿಚ್ ತಾನೇ ಒತ್ತಿ, ಆ ತುಣುಕನ್ನು ಇಲ್ಲಿನ ಕನ್ನಡಿಗರ ವಾಟ್ಸಾಪ್ ಗ್ರೂಪಿಗೆ ಹಾಕಿ ನಗಿಸಬೇಕು. ಅಷ್ಟೇ ಅವನ ಲೆಕ್ಕ. ಒತ್ತಿ ಹಿಡಿದಷ್ಟು ಹೊತ್ತು ರೆಕಾರ್ಡ್ ಆಗಿ, ಬೆರಳು ಬಿಟ್ಟ ಕೂಡಲೇ ತಾನಾಗಿ ಗ್ರೂಪಿಗೆ ಹೋಗಿಬಿಡುವ ಬಗೆಯ ವಿಡಿಯೊ ಅದು. ಒತ್ತಿ ಹಿಡಿದ.

"ಬೋರ್ಡ್ ಕಾಣ್ತಾ ಸಾಹೇಬ್ರೆ?"

ಉಳವಪ್ಪ ಮೋಟಾರಿನ ಕರೆಂಟು ನಿಲ್ಲಿಸಿ ಹಿಂದಕ್ಕೊರಗಿದ. ಬೆಳಗಿನಿಂದ ನುಂಗಿಕೊಂಡಿದ್ದ ಸಿಟ್ಟೆಲ್ಲ ಬಾಯಿಗೆ ಬಂದಿತ್ತು. "ಬೋರ್ಡ್ ಕಂಡೈತಿ ಬಿಡ್ರಿ ಸರ. ಇಂಥಾ ಗ್ಯಾಪ್ ಲಂಡನ್ನಾಗ ದಿನಾ ನೂರು ದಾಟೀನಿ. ನಂಗ ಕಲಸಾಕ ಬರಬ್ಯಾಡ್ರಿ. ಗಾಡಿ ತಾನ ಉರುಳತೈತಿ."

ಯತಿರಾಜ್‌ಗೆ ನಗು ಉಕ್ಕಿತು. ನಗುತ್ತಲೇ ಸ್ವಿಚ್ಚಿನ ಕಡೆ ಕೈ ಚಾಚಿದ. ಒಂದು ಸೆಕೆಂಡು ತಡವಾಗಿತ್ತು.

ನೆತ್ತಿಯ ಮೇಲೆ ಬೆಳ್ಳನೆ ಬೆಂಕಿ, ಸಿಡಿಮದ್ದಿನ ಸದ್ದು. ತಂತಿ ಸುಟ್ಟು ತುಂಡಾಗಿ ಚಾಟಿಯ ಹಾಗೆ ಕೆಳಗೆ ಬಂತು. ಕಂಬದ ಬುಡದಲ್ಲಿ ನಿಂತಿದ್ದ ಕೆಲಸಗಾರನೊಬ್ಬ ಕೈ ಅಡ್ಡ ಹಿಡಿದ. ಆ ಕೈಯನ್ನು ಆಸ್ಪತ್ರೆಯಲ್ಲಿ ಮೊಣಕೈವರೆಗೆ ತೆಗೆದರು.

ಬೆಚ್ಚಿದ ಯತಿರಾಜನ ಬೆರಳು ಫೋನಿನಿಂದ ಜಾರಿತ್ತು. ಹದಿನೆಂಟು ಸೆಕೆಂಡಿನ ವಿಡಿಯೊ ಗ್ರೂಪಿಗೆ ಹೋಗಿಯಾಗಿತ್ತು. ನಾಲ್ಕು ನಿಮಿಷದಲ್ಲಿ ಅಳಿಸಿದ. ಅಷ್ಟರೊಳಗೆ ಏಳು ಜನ ನಗುವ ಮುಖ ಒತ್ತಿದ್ದರು. ಸಿದ್ದಕ್ಕ ಧ್ವನಿ ಕೂಡ ಹಚ್ಚಿ ಕೇಳದೆ ಅದನ್ನು ಗದಗಿನ ತಂಗಿ ಕೀರ್ತಿಗೆ ದಾಟಿಸಿದ್ದಳು: "ನೋಡವ್ವಾ, ನಿಮ್ಮ ಮಾವಾರು ಗಾಡಿ ಬಿಡೂದು."

ವಿಚಾರಣೆ ಶುರುವಾಯಿತು. ಬಿಸಿಲು ಕಣ್ಣಿಗೆ ಹೊಡೆದು ಬೋರ್ಡು ಕಾಣಲಿಲ್ಲ ಎಂದ ಉಳವಪ್ಪ. ತಾನು ಎರಡು ಸಲ ಕೂಗಿ ಎಚ್ಚರಿಸಿದೆ, ಅವನು ಕೇಳಲಿಲ್ಲ ಎಂದು ಬರೆದುಕೊಟ್ಟ ಯತಿರಾಜ್. ವಿಚಾರಣೆಯ ಅಧಿಕಾರಿ, ನರೆತ ಕೂದಲ ಹೆಂಗಸು, ಬಿಸಿಲಿನ ಮಾತನ್ನು ಮುಕ್ಕಾಲು ನಂಬಿದ್ದಳು. ಕಲಿಯುವವನ ಕಣ್ಣು ತಪ್ಪಿದರೆ ಹಿಡಿಯಬೇಕಾದವನು ಟ್ರೇನರ್. ಆರು ತಿಂಗಳು ಮತ್ತೆ ತರಬೇತಿ, ಆಮೇಲೆ ಪರೀಕ್ಷೆ; ಅಲ್ಲಿಗೆ ಮುಗಿಯುವುದರಲ್ಲಿತ್ತು. ಆದರೆ 'ಎರಡು ಸಲ ಕೂಗಿದೆ' ಎಂಬ ಆ ಸುಳ್ಳನ್ನು ಉಳವಪ್ಪ ಸುಮ್ಮನೆ ಬಿಡುವವನಲ್ಲ. ಕೀರ್ತಿಯಿಂದ ವಿಡಿಯೊ ತರಿಸಿಕೊಂಡ. ಹತ್ತು ಸಲ ಹಚ್ಚಿ ನೋಡಿದ. ಹತ್ತೂ ಸಲ ಅವನಿಗೆ ಕೇಳಿಸಿದ್ದು ಯತಿರಾಜನ ನಗು.

"ರೀ, ಕೊಡಬ್ಯಾಡ್ರಿ," ಎಂದಳು ಸಿದ್ದಕ್ಕ. "ಅದರಾಗ ನಿಮ್ಮ ಮಾತೂ ಐತಿ."

"ನಗೂದು ಎಲ್ಲಾರಿಗೂ ತಿಳಿತೈತಿ. ಕನ್ನಡ ಯಾರಿಗೆ ತಿಳೀಬೇಕು ಇಲ್ಲಿ?"

"ಯಾರಿಗರ ತಿಳದ್ರ?"

"ನೀ ಸುಮ್ನಿರು. ಆ ಮಗನ ಹಲ್ಲು ಕಾಣಲಿ ಒಮ್ಮೆ."

ಕೊಟ್ಟ. ಮುಂದಿನ ವಾರ ಕರೆ ಬಂತು. ಹೊಸ ಅಂಗಿ ತೊಟ್ಟು ಹೋದ. ಕೋಣೆಯಲ್ಲಿ ಅಧಿಕಾರಿ ಇದ್ದಳು, ಮೂಲೆಯಲ್ಲಿ ಯತಿರಾಜ್ ಉಗುರು ಕಚ್ಚುತ್ತಿದ್ದ. ಮೂರನೇ ಕುರ್ಚಿಯಲ್ಲಿ, ಮುಂದೆ ಹೆಡ್‌ಫೋನು ಮತ್ತು ಬಿಳಿ ಹಾಳೆ ಇಟ್ಟುಕೊಂಡು ಸ್ಮಿತಾ. ರಾಜ್ಯೋತ್ಸವದಲ್ಲಿ ಪಾಯಸ ಬಡಿಸಿದವಳು. ಅವಳು ಕೋರ್ಟಿನಲ್ಲಿ ಪ್ರಮಾಣ ಮಾಡಿದ ಕನ್ನಡದ ಅನುವಾದಕಿ ಎಂಬುದು ಉಳವಪ್ಪನಿಗೆ ಅವತ್ತೇ ಗೊತ್ತಾದದ್ದು.

"ಅವ್ವಾ," ಎಂದ ಮೆತ್ತಗೆ, "ನೀ ನಮ್ಮಾಕಿ. ಆ ಒಂದು ಮಾತು..."

ಸ್ಮಿತಾ ತಲೆ ಎತ್ತಲಿಲ್ಲ. "ಅಣ್ಣ, ಈಗ ನೀವು ಹೇಳಿದ್ದನ್ನೂ ನಾನು ಅವರಿಗೆ ಹೇಳ್ಲೇಬೇಕು," ಎಂದಳು. ಹೇಳಿದಳು ಕೂಡ.

ಆಮೇಲೆ ಹಾಳೆ ಹಿಡಿದು ಓದಿದಳು. ಬೋರ್ಡು ಕಂಡಿದೆ. ಇಂಥವು ಲಂಡನ್ನಿನಲ್ಲಿ ದಿನಾ ನೂರು ದಾಟಿದ್ದೇನೆ. ನನಗೆ ಕಲಿಸಲು ಬರಬೇಡಿ. ಗಾಡಿ ತಾನೇ ಉರುಳುತ್ತದೆ. ಇಷ್ಟು ನೀಟಾದ ಜರ್ಮನ್‌ನಲ್ಲಿ ಉಳವಪ್ಪ ಜನ್ಮದಲ್ಲಿ ಮಾತಾಡಿರಲಿಲ್ಲ. 'ನಗು' ಎಂದು ಕಂಸದಲ್ಲಿ ಬರೆದದ್ದನ್ನೂ ಓದಿದಳು. ಅದಕ್ಕೆ ಯತಿರಾಜನ ಕೆಲಸ ಅಲ್ಲೇ ಹೋಯಿತು. ಅವನತ್ತ ಉಳವಪ್ಪ ತಿರುಗಿಯೂ ನೋಡಲಿಲ್ಲ.

"ಬಿಸಿಲು ಅಂದಿದ್ದಿರಿ," ಎಂದಳು ಅಧಿಕಾರಿ. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಈ ಧ್ವನಿ ನಿಮ್ಮದೇ?"

ಎರಡು ವರ್ಷ ಕಲಿತ ಜರ್ಮನ್ ಅಷ್ಟೂ ಒಂದೇ ಉಸಿರಿಗೆ ಮರೆತುಹೋಯಿತು. ಜೇಬಿನಿಂದ ಫ್ಯೂರರ್‌ಶೈನ್ ತೆಗೆದು ಮೇಜಿನ ಮೇಲಿಟ್ಟ. ಫೋಟೋದಲ್ಲಿ ಅವನು ನಗುತ್ತಿದ್ದ.

"ಹೌದ್ರಿ," ಎಂದ.

ಸ್ಮಿತಾ ಅದನ್ನೂ ಅನುವಾದಿಸಿದಳು.