ಕೋಪರಿಯ ಮಾಪಣ್ಣ ಮತ್ತು ಹಬ್ಬದ ಬಿರಡೆ

ಬೆಳಗಿನ ಐದೂಮುಕ್ಕಾಲು. ಠಾಣೆ ಪೂರ್ವದ ಕೋಪರಿಯಲ್ಲಿ ನಾಲ್ಕು ಮಹಡಿಯ ಹಳೆಯ ಕಟ್ಟಡವೊಂದರ ತಾರಸಿ. ಪ್ಲಂಬರ್ ಮಾಪಣ್ಣ ನೀರಿನ ಟಾಕಿಯ ಹೊಟ್ಟೆಗೆ ಅಂಗೈ ಒತ್ತಿ ನಿಂತಿದ್ದಾರೆ. ಟಾಕಿ ಎಷ್ಟು ತುಂಬಿತೆಂದು ತಿಳಿಯಲು ಅವರು ಮುಚ್ಚಳ ತೆಗೆಯುವುದಿಲ್ಲ. ಅಂಗೈಯನ್ನು ಮೇಲಿನಿಂದ ಕೆಳಗೆ ಸವರುತ್ತಾ ಬಂದರೆ, ನೀರು ಶುರುವಾಗುವ ಕಡೆ ಪ್ಲಾಸ್ಟಿಕ್ಕಿನ ಶಾಖ ತುಸು ಬದಲಾಗುತ್ತದೆ. ಎರಡು ತಿಂಗಳಿಂದ ಈ ಗೆರೆಯನ್ನು ಕಣ್ಣು ಮುಚ್ಚಿ ಹುಡುಕಬೇಕಾಗಿತ್ತು. ಇವತ್ತು ತಟ್ಟನೆ ಸಿಗುತ್ತದೆ. ಮೇಲೆ ಟಾಕಿ ಕೊರೆಯುವಷ್ಟು ತಣ್ಣಗಿದೆ, ಕೆಳಗೆ ನೀರಿರುವಲ್ಲಿ ಬೆಚ್ಚಗಿದೆ. ತಲೆಯೆತ್ತಿ ಎದುರಿನ ಕಟ್ಟಡ ನೋಡುತ್ತಾರೆ. ಬಚ್ಚಲುಮನೆಗಳ ಸಣ್ಣ ಕಿಟಕಿಗಳಿಂದ ಹಬೆ ಬರುತ್ತಿದೆ.

"ಅಂತೂ ಬಂತಪ್ಪಾ ಥಂಡಿ," ಎಂದು ಪಾರಿವಾಳಗಳಿಗೆ ಹೇಳಿ ನಗುತ್ತಾರೆ. ಆ ನಗು ಹೆಚ್ಚು ಹೊತ್ತು ಉಳಿಯುವುದಿಲ್ಲ. ಅದೇಕೆಂದು ಹೇಳುವ ಮೊದಲು ಮಾಪಣ್ಣ ಯಾರೆಂದು ಹೇಳಬೇಕು.

ಕಲಬುರಗಿ ಕಡೆಯ ಸೇಡಂ ಅವರ ಊರು. ಇಪ್ಪತ್ತಾರು ವರ್ಷದ ಹಿಂದೆ ನವಿ ಮುಂಬೈಗೆ ಬಂದಾಗ ಸಿಕ್ಕಿದ್ದು ಸಾನಪಾಡಾದಲ್ಲಿ ನೀರಿನ ಕೊಳವೆಗಾಗಿ ಕಂದಕ ಅಗೆಯುವ ಕೆಲಸ. ಒಂದು ಮಧ್ಯಾಹ್ನ ಕಂದಕದ ಗೋಡೆ ಕುಸಿದು ಬಲ ಮೊಣಕಾಲು ಮಣ್ಣಿನಡಿ ಸಿಕ್ಕಿಕೊಂಡಿತು. ಮೂರು ತಿಂಗಳು ಮಲಗಿದರು. ಆಮೇಲೆ ರತ್ನಾಗಿರಿಯ ಒಬ್ಬ ಹಿರಿಯ ಮಿಸ್ತ್ರಿ ಅವರನ್ನು ಪಾನಾ, ಅಂದರೆ ಸ್ಪ್ಯಾನರ್, ಹಿಡಿಯಲು ಜೊತೆಗೆ ಕರೆದುಕೊಂಡರು. "ಮಣ್ಣು ಅಗಿಯೋ ಮನುಷ್ಯಾಗ ಪೈಪು ಯಾವ ಕಡಿ ಹೋಗ್ತದಂತ ಗೊತ್ತಿರ್ತದ, ಬಾ ಅಂದ್ರು. ಅವತ್ತಿನಿಂದ ಇದೇ ನೋಡ್ರಿ," ಎನ್ನುತ್ತಾರೆ ಮಾಪಣ್ಣ.

ಈಗ ಕೋಪರಿಯ ಆರು ಕಟ್ಟಡಗಳ ನೀರು ಅವರ ಕೈಯಲ್ಲಿದೆ. ನೂರಿಪ್ಪತ್ತು ಮನೆ. ಲಿಫ್ಟ್ ಒಂದಕ್ಕೂ ಇಲ್ಲ. ತಾರಸಿಗೆ ಎಪ್ಪತ್ತೆರಡು ಮೆಟ್ಟಿಲು, ಆರು ತಾರಸಿ. ಬೆಳಗಿನ ಚಹಾಕ್ಕೆ ಮೊದಲೇ ನಾನೂರ ಮೂವತ್ತೆರಡು ಮೆಟ್ಟಿಲು. ಈ ಲೆಕ್ಕ ಹೇಳುವವರು ಅವರ ಹೆಂಡತಿ ಚಂದವ್ವ. ಅದೇ ಕಟ್ಟಡಗಳ ಐದು ಮನೆಗಳಲ್ಲಿ ಅವರು ಚಪಾತಿ ಮಾಡಿಕೊಡುತ್ತಾರೆ. "ಮೆಟ್ಲಾ ಹತ್ತೋದು ಇವರು, ರಾತ್ರಿ ಕಾಲಿಗಿ ಎಣ್ಣಿ ತಿಕ್ಕೋದು ನಾನು. ಲೆಕ್ಕ ನಂಗ ಗೊತ್ತಿರಬೇಕಲ್ರಿ?" ಎಂದು ಅವರು ಕೇಳುತ್ತಾರೆ. ಮಾಪಣ್ಣನಿಗೆ ಬರೆಯಲು ಬಾರದು. ಯಾವ ಮನೆಯ ನಲ್ಲಿ ಯಾವಾಗ ಕಟ್ಟಿದ್ದು, ಯಾರ ಮನೆಗೆ ನಾಳೆ ಬರುತ್ತೇನೆಂದು ಹೇಳಿದ್ದು, ಎಲ್ಲವನ್ನೂ ರಾತ್ರಿ ಊಟದ ಹೊತ್ತಿಗೆ ಹೆಂಡತಿಯ ಕಿವಿಗೆ ಹಾಕಿಬಿಡುತ್ತಾರೆ. ಚಂದವ್ವ ಮರೆಯುವುದಿಲ್ಲ.

ಪ್ರತಿ ವರ್ಷ ದೀಪಾವಳಿ ಮುಗಿದ ಮೇಲೆ ಹೋಳಿಯವರೆಗೆ ಅರವತ್ತು ಎಪ್ಪತ್ತು ಮನೆಗಳಿಂದ ಗೀಸರಿನ ಕರೆ ಬರುತ್ತದೆ. ಈ ಸಲ ಜನವರಿಯ ಎರಡನೆಯ ವಾರದವರೆಗೆ ಬಂದದ್ದು ಒಂಬತ್ತು. ಚಳಿಗಾಲವೇ ಬರಲಿಲ್ಲ. ಡಿಸೆಂಬರಿನಲ್ಲೂ ಮನೆಗಳಲ್ಲಿ ಫ್ಯಾನ್ ತಿರುಗುತ್ತಿತ್ತು. ಒಂದು ಪಾತ್ರೆ ನೀರನ್ನು ಗ್ಯಾಸಿನ ಮೇಲೆ ಕಾಯಿಸಿ ಬಕೆಟ್ಟಿಗೆ ಬೆರೆಸಿದರೆ ಸ್ನಾನ ಮುಗಿಯುತ್ತಿತ್ತು. ಸ್ವೆಟರುಗಳು ಪೆಟ್ಟಿಗೆಯಲ್ಲೇ ಉಳಿದವು, ಗೀಸರುಗಳು ಗೋಡೆಯ ಮೇಲೆ ಸುಮ್ಮನೆ ತೂಗಿಕೊಂಡಿದ್ದವು. ಆ ಸುಮ್ಮನಿರುವಿಕೆಯೇ ಒಂದು ತಪ್ಪನ್ನು ಎರಡೂವರೆ ತಿಂಗಳು ಮುಚ್ಚಿಟ್ಟಿತು.

ತಪ್ಪು ನಡೆದದ್ದು ನೀರು ತುಂಬುವ ಹಬ್ಬದ ಸಂಜೆ. ನರಕ ಚತುರ್ದಶಿಯ ಹಿಂದಿನ ದಿನ ಬಚ್ಚಲು ತೊಳೆದು, ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣು ಬಳಿದು ನೀರು ತುಂಬುವ ಪದ್ಧತಿ ನಮ್ಮವರು ಎಲ್ಲಿಗೆ ಹೋದರೂ ಬಿಟ್ಟಿಲ್ಲ. ಕೋಪರಿಯ ಬಚ್ಚಲುಗಳಲ್ಲಿ ಹಂಡೆ ಇಡಲು ಜಾಗವಿಲ್ಲ. ಉಡುಪಿಯವರು, ಕುಂದಾಪುರದವರು, ಕಲಬುರಗಿಯವರು ಎಲ್ಲರೂ ಗೀಸರಿಗೇ ಅರಿಶಿನ ಕುಂಕುಮ ಹಚ್ಚಿ ಹೂ ಸುತ್ತುತ್ತಾರೆ, ಅದರ ಕೆಳಗೆ ರಂಗೋಲಿ ಹಾಕುತ್ತಾರೆ. ಹಾಗಾಗಿ ಹಬ್ಬದ ಹಿಂದಿನ ಎರಡು ದಿನ ಮಾಪಣ್ಣನಿಗೆ ಬಿಡುವಿಲ್ಲ. ಈ ಸಲ ಇಪ್ಪತ್ತಮೂರು ಮನೆ. ಉಪ್ಪುಗಟ್ಟಿದ ಗೀಸರ್ ತಿಕ್ಕಲು ಚಂದವ್ವನೂ ಜೊತೆಗಿದ್ದರು.

ಅವುಗಳಲ್ಲಿ ಒಂದು ಮನೆಯ ಗೀಸರಿನ ಸೇಫ್ಟಿ ವಾಲ್ವಿನಿಂದ ಹನಿ ಬೀಳುತ್ತಿತ್ತು. ನೀರು ಕಾದು ಒಳಗೆ ಒತ್ತಡ ಹೆಚ್ಚಿದಾಗ ಹೊರಗೆ ಬಿಡುವ ಹೆಬ್ಬೆರಳಿನಷ್ಟು ಹಿತ್ತಾಳೆಯ ಬಾಯಿ ಅದು. ಹಳೆಯದಾಗಿತ್ತು, ಬದಲಿಸಬೇಕಿತ್ತು. ಅಂಗಡಿ ಹಬ್ಬಕ್ಕೆ ಮುಚ್ಚಿತ್ತು. ಹನಿ ನೇರವಾಗಿ ರಂಗೋಲಿಯ ನಡುವೆ ಬೀಳುತ್ತಿತ್ತು. "ನೀರು ತುಂಬುವ ದಿನವೇ ನೀರು ಸೋರಿದರೆ ಹೇಗೆ ಮಾರಾಯ್ರೆ, ಒಮ್ಮೆ ನಿಲ್ಲಿಸಿ ಕೊಡಿ," ಎಂದು ಆ ಮನೆಯವರು ಕೇಳಿಕೊಂಡರು. ಮಾಪಣ್ಣ ಕಟ್ಟಿಗೆಯ ತುಂಡೊಂದನ್ನು ಕೆತ್ತಿ, ನೂಲು ಸುತ್ತಿ, ಬಿರಡೆ ಮಾಡಿ ಆ ಬಾಯಿಗೆ ಬಡಿದುಬಿಟ್ಟರು. "ನಾನು ಹೊಸಾದು ಹಾಕೂತನ ಗೀಸರ್ ಹಚ್ಚಬ್ಯಾಡ್ರಿ," ಎಂದು ಹೇಳಿಯೂ ಬಂದರು. ಅವತ್ತು ರಾತ್ರಿ ಊಟ ಮಾಡದೆ ಮಲಗಿದರು, ಹೆಂಡತಿಯ ಕಿವಿಗೆ ಏನೂ ಹಾಕಲಿಲ್ಲ. ಮರುದಿನ ಅವರಿಗೆ ಜ್ವರ. ಎಂಟು ದಿನ ಏಳಲಿಲ್ಲ. ಎದ್ದ ಮೇಲೆ ಆ ಮನೆಯಿಂದ ಕರೆ ಬರಲಿಲ್ಲ, ಏಕೆಂದರೆ ಬಿಸಿನೀರು ಯಾರಿಗೂ ಬೇಕಿರಲಿಲ್ಲ. ಹೇಳಿದವರೂ ಮರೆತರು, ಕೇಳಿದವರೂ ಮರೆತರು.

ಈಗ, ಈ ತಾರಸಿಯಲ್ಲಿ, ಎದುರಿನ ಕಿಟಕಿಗಳ ಹಬೆ ನೋಡುತ್ತಾ ನಿಂತಾಗ ಆ ಬಿರಡೆ ನೆನಪಾಗುತ್ತದೆ. ಬಾಯಿ ಮುಚ್ಚಿದ ಗೀಸರ್ ಕಾದರೆ ಸಿಡಿಯಬಹುದು. ಇವತ್ತು ಎಲ್ಲರೂ ಗೀಸರ್ ಹಾಕುತ್ತಾರೆ. ಯಾವ ಮನೆ?

ಅದು ನೆನಪಾಗುವುದಿಲ್ಲ. ಕೋಪರಿಯ ಬಚ್ಚಲುಗಳೆಲ್ಲ ಒಂದೇ ಅಚ್ಚಿನವು, ಅದೇ ನೀಲಿ ಟೈಲ್, ಅದೇ ಎತ್ತರಕ್ಕೆ ಹೊಡೆದ ಗೀಸರ್. "ನಾನು ಮ್ಯಾಲ ನೋಡಿ ಕೆಲಸ ಮಾಡೋನ್ರಿ. ಮನಿ ಮಂದಿ ಮಾರಿ ನನಗ ನೆನಪಿರಂಗಿಲ್ಲ," ಎಂದು ಆಮೇಲೆ ಹೇಳಿದರು ಮಾಪಣ್ಣ. ಆ ಕ್ಷಣ ಅವರು ಮಾಡಿದ್ದು ಹೆಂಡತಿಗೆ ಫೋನು.

ಚಂದವ್ವ ಕೆಳಗೆ ಗೇಟಿನ ಬಳಿ ಹಾಲಿನ ಸಾಲಿನಲ್ಲಿದ್ದರು. ಬೈಯಲಿಲ್ಲ. "ಬಿರಡಿ ಹೆಂಗ ಹೊಡದ್ರಿ, ಅದನ್ನ ಹೇಳ್ರಿ," ಎಂದರು.

"ಹೆಂಗಂದ್ರ? ಒಂದು ಕೈಲಿ ಹಿಡದೆ, ಒಂದು ಕೈಲಿ ಸುತ್ತಗಿ."

"ಎರಡೂ ಕೈ ಬಿಟ್ಟಿದ್ರಿ? ಆ ಮೊಣಕಾಲಿಟ್ಕೊಂಡು? ಸ್ಟೂಲು ಅಲ್ಲಾಡಲಿಲ್ಲೇನು?"

"ಇಲ್ಲ. ಗಟ್ಟಿ ಇತ್ತು."

"ಸ್ಟೂಲು ಗಟ್ಟಿ ಇರಲಿಲ್ಲ, ಕೆಳಗ ಯಾರೋ ಹಿಡದಿದ್ರು. ಇಪ್ಪತ್ತಮೂರು ಮನ್ಯಾಗ ಒಬ್ರೇ ನಿಮ್ಮ ಸ್ಟೂಲು ಹಿಡದವರು. ಗುಣಪಾಲ ಮಾಮಾ. ಮೂರನೇ ಬಿಲ್ಡಿಂಗು, ನಾಲ್ಕನೇ ಮಾಳಿಗಿ. ನಾನು ಬಚ್ಚಲದ ಬಾಗಿಲದಾಗ ನಿಂತು ನೋಡೀನಿ. ಓಡ್ರಿ!" ಎಂದ ಚಂದವ್ವ ಮರುಕ್ಷಣವೇ ಮತ್ತೆ ಕೂಗಿದರು, "ಮ್ಯಾಲ ಹೋಗಬ್ಯಾಡ್ರಿ, ಮೊದಲ ಮೀಟರ್ ರೂಮಿಗಿ ಹೋಗ್ರಿ, ಫ್ಯೂಜ್ ಕೀಳ್ರಿ!"

ಮಾಪಣ್ಣ ಎಪ್ಪತ್ತೆರಡು ಮೆಟ್ಟಿಲು ಇಳಿದರು. ಮೂರನೇ ಕಟ್ಟಡದ ವಾಚ್‌ಮನ್‌ನಿಂದ ಕೀಲಿ ಕಸಿದು ಗುಣಪಾಲರ ಮನೆಯ ಫ್ಯೂಸ್ ಎಳೆದರು. ನಂತರ ಮತ್ತೆ ಮೇಲೆ ಹತ್ತಿದರು.

ಬಾಗಿಲು ತೆರೆದವರು ಗುಣಪಾಲರ ಹೆಂಡತಿ ಚಂಪಾ. ಹಿಂದೆ ಎಪ್ಪತ್ತು ದಾಟಿದ ಗುಣಪಾಲರು ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಕೈಯಲ್ಲಿ ಟಾರ್ಚ್ ಹಿಡಿದು ನಿಂತಿದ್ದರು.

"ಎಂತ ಮಾಪಣ್ಣ, ಇಷ್ಟು ಬೆಳಿಗ್ಗೆ? ನಮಗೊಬ್ಬರಿಗೇ ಕರೆಂಟ್ ಹೋಗಿದೆ ಕಾಣಿ."

"ನಾನೇ ತೆಗದೀನ್ರಿ ಅಕ್ಕೋರೆ. ಗೀಸರ್ ಹಚ್ಚೀರೇನು?"

"ಹಾಕಿ ಐದು ನಿಮಿಷ ಆಯ್ತು ಅಷ್ಟೆ. ಇವರಿಗೆ ಇವತ್ತು ತಣ್ಣೀರು ಆಗ್ಲಿಕ್ಕಿಲ್ಲ ಅಂತ."

ಮಾಪಣ್ಣ ಗೀಸರಿನ ಹೊಟ್ಟೆಗೆ ಅಂಗೈ ಒತ್ತಿದರು. ಇನ್ನೂ ಉಗುರು ಬೆಚ್ಚಗೆ. ಬಿಸಿನೀರಿನ ನಲ್ಲಿ ಪೂರ್ತಿ ತಿರುಗಿಸಿ ನೀರು ಹರಿಯಬಿಟ್ಟರು, ಒಳಗೆ ಬರುವ ನೀರು ನಿಲ್ಲಿಸಿದರು. ಬಿರಡೆ ಊದಿಕೊಂಡು ಕಲ್ಲಿನಂತಾಗಿತ್ತು. ಇಕ್ಕಳ ಹಾಕಿ ಕಿತ್ತು ಅಂಗೈ ಮೇಲೆ ಇಟ್ಟುಕೊಂಡು ತೋರಿಸಿದರು.

"ಇದು ನಂದು. ಹಬ್ಬದ ದಿನ ನಾನೇ ಹೊಡದಿದ್ದು. ಮರತೆ. ಇದು ಇದ್ದು ನೀರು ಕಾದಿದ್ರ ಗೀಸರ್ ಒಡೀತಿತ್ತು."

ಗುಣಪಾಲರು ಟಾರ್ಚಿನ ಬೆಳಕನ್ನು ಬಿರಡೆಯಿಂದ ಮಾಪಣ್ಣನ ಕಾಲುಗಳ ಕಡೆ ಇಳಿಸಿದರು. "ಮೊದಲು ನೀವು ಕೂತ್ಕೊಳ್ಳಿ. ಆ ಮೊಣಕಾಲಿಟ್ಟುಕೊಂಡು ಓಡಿ ಬಂದದ್ದಾ," ಎಂದರು. ಚಂಪಾ ಅಡುಗೆಮನೆಗೆ ಹೋದರು. ಚಹಾ ತಂದಿಟ್ಟು, "ರಂಗೋಲಿ ರಂಗೋಲಿ ಅಂತ ನಿಮ್ಮ ತಲೆ ತಿಂದದ್ದು ನಾನೇ ಅಲ್ವಾ," ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು.

ಮಾತು ಅಲ್ಲಿಗೇ ಮುಗಿಸಬಹುದಿತ್ತು. ಆ ದಂಪತಿ ಯಾರಿಗೂ ಹೇಳುವವರಲ್ಲ. ಆದರೆ ಎಂಟು ಗಂಟೆಗೆ ಮಾಪಣ್ಣ ಸೊಸೈಟಿಯ ಸೆಕ್ರೆಟರಿ ರಮಾಕಾಂತರ ಬಾಗಿಲು ತಟ್ಟಿ, ಬಿರಡೆಯನ್ನು ಅವರ ಮೇಜಿನ ಮೇಲಿಟ್ಟರು. ಅದಕ್ಕೆ ಧೈರ್ಯ ಬೇಕಿತ್ತು. ಆರೂ ಕಟ್ಟಡಗಳ ನೀರಿನ ಕೆಲಸವನ್ನು ಏಪ್ರಿಲ್‌ನಿಂದ ಒಂದು ಕಂಪನಿಗೆ ವರ್ಷದ ಗುತ್ತಿಗೆಗೆ ಕೊಡುವ ಮಾತು ಆಗಲೇ ನಡೆದಿತ್ತು.

"ನೀವು ಹೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ," ಎಂದರು ರಮಾಕಾಂತ.

"ಆಗ್ತಿರಲಿಲ್ರಿ ಸಾಹೇಬ್ರ. ಅದಕ್ಕೇ ಬಂದು ಹೇಳಿದ್ದು."

ಭಾನುವಾರದ ಸಭೆಯಲ್ಲಿ ಮಾತು ಬಿಸಿಯಾಯಿತು. ಇಂಥವನನ್ನು ಇಟ್ಟುಕೊಳ್ಳುವುದು ಹೇಗೆ ಎಂದು ಕೆಲವರು. ಗುಣಪಾಲರು ಎದ್ದು ನಿಂತು, "ಸಾಯ್ಬಹುದಿತ್ತು ನಾನು. ನಾನೇ ಹೇಳ್ತೇನೆ, ಇವರನ್ನು ಬಿಡಬೇಡಿ. ಕಂಪನಿಯವ ಮರೆತರೆ ಹೀಗೆ ಓಡಿ ಬರ್ತಾನಾ?" ಎಂದರು. ರಮಾಕಾಂತ ಕರುಣೆಗೆ ಕರಗುವವರಲ್ಲ, ಅನ್ಯಾಯ ಮಾಡುವವರೂ ಅಲ್ಲ. ಆರು ಕಟ್ಟಡಗಳ ಪ್ರತಿಯೊಂದು ಗೀಸರಿನ ಸೇಫ್ಟಿ ವಾಲ್ವನ್ನೂ ಜನವರಿ ಮುಗಿಯುವುದರೊಳಗೆ ನೋಡಿ, ಹಳೆಯದನ್ನು ಬದಲಿಸಿ, ಪಟ್ಟಿ ನೋಟಿಸ್ ಬೋರ್ಡಿಗೆ ಹಾಕಬೇಕು; ಒಂದು ಮನೆ ತಪ್ಪಿದರೂ ಗುತ್ತಿಗೆ ಕಂಪನಿಗೆ. ಹೀಗೆ ತೀರ್ಮಾನವಾಯಿತು.

ಆ ಚಳಿ ಮೂರೇ ದಿನ ಇತ್ತು. ನಾಲ್ಕನೆಯ ದಿನ ಕೋಪರಿಯಲ್ಲಿ ಮತ್ತೆ ಫ್ಯಾನ್ ತಿರುಗಿದವು. ಮಾಪಣ್ಣ ಈಗ ದಿನಕ್ಕೆ ಎಂಟು ಮನೆ ಹತ್ತುತ್ತಾರೆ. ಹಿಂದೆ ಚಂದವ್ವ ನೋಟ್‌ಬುಕ್ ಹಿಡಿದು ಹತ್ತುತ್ತಾರೆ. ಠಾಣೆಯಾಚೆಯ ಕಲ್ಯಾಣದಲ್ಲಿ ನರ್ಸ್ ಆಗಿರುವ ಮಗಳು ನಾಗವೇಣಿ ಮನೆ ನಂಬರುಗಳನ್ನೆಲ್ಲ ಮರಾಠಿಯಲ್ಲಿ ಬರೆದುಕೊಟ್ಟಿದ್ದಾಳೆ. ವಾಲ್ವ್ ನೋಡಿ ಮುಗಿಸಿದ ಮನೆಯ ನಂಬರಿನ ಮುಂದೆ ಚಂದವ್ವ ಒಂದು ಗೆರೆ ಎಳೆಯುತ್ತಾರೆ. "ಪೇಶಂಟಿಗೆ ಸೂಜಿ ಕೊಟ್ಟು ನಾನು ಬರೀತೀನಲ್ಲ ಹಂಗೇ, ಬಾಬಾ," ಎಂದು ಮಗಳು ಹೇಳಿದ್ದಾಳಂತೆ. "ಇಪ್ಪತ್ತಾರು ವರ್ಷ ಬಾಯಿಲೇ ನಡದಿತ್ತು. ಈಗ ಶಾಲಿಗಿ ಹಾಕ್ಯಾರ ನನಗ," ಎಂದು ಮಾಪಣ್ಣ ನಗುತ್ತಾರೆ.

ಹೊಸ ವಾಲ್ವ್ ಹಾಕಿದ ಪ್ರತಿ ಮನೆಯಲ್ಲೂ ಗೀಸರ್ ಒಮ್ಮೆ ಕಾಯಿಸಿ, ಹಿತ್ತಾಳೆಯ ಬಾಯಿಯಿಂದ ನಾಲ್ಕು ಹನಿ ಬೀಳುವವರೆಗೆ ಕಾಯುತ್ತಾರೆ. ಮನೆಯವರು ಗಾಬರಿಯಾದರೆ, "ಕಾಯೋ ಮುಂದ ಬೀಳ್ಬೇಕ್ರಿ, ಆರಿದ ಮ್ಯಾಲ ನಿಲ್ಬೇಕು. ನಿಲ್ಲಲಿಲ್ಲಂದ್ರ ನನ್ನ ಕರೀರಿ, ನೀವು ಮುಚ್ಚಬ್ಯಾಡ್ರಿ," ಎನ್ನುತ್ತಾರೆ. ಇದನ್ನು ಪ್ರತಿ ಮನೆಯಲ್ಲೂ, ಕೇಳಲಿ ಕೇಳದಿರಲಿ, ಹೇಳಿಯೇ ಹೊರಡುತ್ತಾರೆ.

ನೂರಿಪ್ಪತ್ತರಲ್ಲಿ ನೂರೊಂಬತ್ತು ಮನೆಯ ಮುಂದೆ ಗೆರೆ ಬಿದ್ದಿದೆ. ಚಳಿ ಇದ್ದರೇ ಕೆಲಸ ಕಾಣುವ ಪ್ಲಂಬರನಿಗೆ ಈಗ ಏನು ಬೇಕು ಎಂದು ಕೇಳಿದರೆ, ಮಾಪಣ್ಣ ಕಟ್ಟೆಯ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತಾರೆ.

"ಹೇಳಿದ್ರ ನಗ್ತೀರಿ," ಎನ್ನುತ್ತಾರೆ. "ಇನ್ನಾ ಹನ್ನೊಂದು ಮನಿ ಉಳದಾವ್ರಿ. ಅವು ಮುಗಿಯೂತನ ಥಂಡಿ ಬರೋದು ಬ್ಯಾಡ."