ಬಿಸಿ ಫೋನಿಗೆ ಸಿಕ್ಕ ಮೆಚ್ಚುಗೆ

"ಈ ಫೋನಿನ ಡಿಸೈನೇ ಸರಿಯಿಲ್ಲ, ಇವತ್ತೇ ಅಂಗಡಿಗೆ ವಾಪಸ್ ಕೊಡ್ತೀನಿ" ಎಂದು ನಮ್ಮವರು ರೇಗಿದರು. "ಹೊಳೆನರಸೀಪುರದಿಂದ ಒಂದೇ ಸಮ ವಿಡಿಯೊ ನೋಡಿದ್ರೆ ಯಾವ ಫೋನಾದ್ರೂ ಕಾಯುತ್ತೆ ಬಿಡಿ" ಎಂದೆ ನಾನು. ಹಾಸನದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಇದೇ ಜಗಳ.

ಚಳಿಗಾಲದ ಬೆಳಿಗ್ಗೆ. ನನ್ನ ಪಕ್ಕದಲ್ಲಿ ಹೂ ಮಾರುವ ಅಜ್ಜಿಯೊಬ್ಬರು, ಒದ್ದೆ ಬಟ್ಟೆ ಮುಚ್ಚಿದ ಸೇವಂತಿಗೆ ಬುಟ್ಟಿ ಹಿಡಿದು ಕೂತಿದ್ದರು. "ಅಷ್ಟು ಬಿಸಿ ಐತಾ? ಒಸಿ ಇತ್ತ ಕೊಡಪ್ಪ, ಕೈ ಮರಗಟ್ಟೋಗವೆ" ಎಂದರು. ಇವರು ತಬ್ಬಿಬ್ಬಾಗಿ ಕೊಟ್ಟರು. ಅಜ್ಜಿ ಎರಡೂ ಅಂಗೈ ನಡುವೆ ಫೋನ್ ಹಿಡಿದು ಕಣ್ಣು ಮುಚ್ಚಿದರು. ಇಳಿಯುವಾಗ ಸೆರಗಿನಲ್ಲಿ ಒರೆಸಿ ವಾಪಸ್ ಕೊಡುತ್ತ, "ಯಾರು ಮಾಡಿದ್ರೋ, ಚೆನ್ನಾಗಿ ಮಾಡವ್ರೆ ಕಣಪ್ಪ" ಅಂದರು.

ನಾವು ಅಂಗಡಿಗೆ ಹೋಗಲಿಲ್ಲ. ಫೋನ್ ಈಗಲೂ ಕಾಯುತ್ತದೆ. ಬಸ್ಸಿನಲ್ಲಿ ಅದು ಬಿಸಿಯಾದರೆ ಇವರು ಬೈಯುವುದಿಲ್ಲ, ಅಕ್ಕಪಕ್ಕದ ಸೀಟಿನವರ ಕೈ ನೋಡುತ್ತಾರೆ.